ಹೆಚ್ಚಿಗೆ ಇಟ್ಟ ಒಂದು ಕಪ್ ಚಹಾ

ಪುಣೆಯಲ್ಲಿ ನಮ್ಮ ಪಕ್ಕದ ಮನೆಯವರು ವಿಜಾಪುರದ ಕಡೆಯವರು, ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ಗುಮಾಸ್ತರು. ಬಸ್ಸು ತಪ್ಪಲಿ, ಅಳಿಯ ನೌಕರಿ ಬಿಡಲಿ, ಕಿವಿಯ ಹಿಂದೆ ಕೆರೆದುಕೊಂಡು ‘ಇರಲಿ ಬಿಡ್ರಿ’ ಅನ್ನುವುದೇ ಅವರ ವೇದಾಂತ.

ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಅದು ನಮ್ಮೆಲ್ಲರ ಕಾಯಿದೆ. ಹಾಗಾಗಿ ಒಂದು ದಿನ ಅವರು ಒಳಕೋಣೆಯಲ್ಲಿ ಮರಾಠಿಯಲ್ಲಿ ವಾದಿಸುವುದು ಕೇಳಿ, ಯಾರೋ ಬಂದಿದ್ದಾರೆಂದು ಅವರ ಹೆಂಡತಿ ಒಂದು ಕಪ್ ಚಹಾ ಹೆಚ್ಚಿಗೆ ಒಯ್ದರು. ಒಳಗೆ ಇದ್ದದ್ದು ಅವರೊಬ್ಬರೇ. ಅವರ ತಲೆಯೊಳಗೆ ಮಾತಾಡುತ್ತಿದ್ದ ದನಿ ಮರಾಠಿಯದಂತೆ.

ಎರಡು ತಿಂಗಳಾದ ಮೇಲೆ ಆ ದನಿ ಅವರನ್ನು ಮೂರನೆಯ ಮಹಡಿಯ ಗ್ಯಾಲರಿಯಿಂದ ಹೊರಗೆ ಕರೆಯಿತು. ಒಂದು ಕಾಲು ಕಂಬಿಯ ಕಠಡಾ ದಾಟಿಯೂ ಆಗಿತ್ತು, ಹೆಂಡತಿ ಹಿಡಿದೆಳೆದರು. ಪುಣ್ಯಕ್ಕೆ ಅಂದು ಪೈಜಾಮ ತೊಟ್ಟಿದ್ದರು. ಲುಂಗಿಯಾಗಿದ್ದರೆ ಕೈಯಲ್ಲಿ ಲುಂಗಿಯಷ್ಟೇ ಉಳಿಯುತ್ತಿತ್ತು.

ಸ್ಕ್ಯಾನ್ ಮಾಡಿಸಿದಾಗ ಮಿದುಳಿನಲ್ಲಿ ನಿಂಬೆಹಣ್ಣಿನಷ್ಟು ನೀರುಗುಳ್ಳೆ ಕಂಡಿತು. ದನಿಗೆ ಇದೇ ಕಾರಣ ಇರಬಹುದು, ಖಾತ್ರಿ ಹೇಳಲಾರೆ ಎಂದರು ಡಾಕ್ಟರು. ಇವರು ಗಾಬರಿಯಲ್ಲಿ ಆ ಮರಾಠಿ ಡಾಕ್ಟರಿಗೆ ಕನ್ನಡದಲ್ಲೇ ‘ಇರಲಿ ಬಿಡ್ರಿ’ ಅಂದರು. ಡಾಕ್ಟರು ಬಿಡಲಿಲ್ಲ, ತೆಗೆದರು.

ಬೋಳುತಲೆಯಲ್ಲಿ ಮನೆಗೆ ಮರಳಿದವರನ್ನು ನೋಡಲು ಹೋದೆ. ನಾವಿದ್ದದ್ದು ಮೂವರು, ತಟ್ಟೆಯಲ್ಲಿ ನಾಲ್ಕು ಕಪ್ ಚಹಾ.

‘ದನಿ ಹೋತಲ್ರಿ, ವೈನಿ?’ ಎಂದು ಅವರ ಹೆಂಡತಿಯನ್ನು ಕೇಳಿದೆ.

‘ಡಾಕ್ಟರ್ ಖಾತ್ರಿ ಇಲ್ಲ ಅಂದಾರಲ್ರಿ. ಮತ್ತ ಬಂತಂದ್ರ ಇಲ್ಲೇ ಚಹಾ ಕುಡದು ಕೂಡಲಿ. ಇವರನ್ನ ಗ್ಯಾಲರಿಗೆ ಕರಕೊಂಡು ಹೋಗೂದು ಬ್ಯಾಡ.’

ಅವರು ಕಿವಿಯ ಹಿಂದೆ ಕೆರೆದುಕೊಂಡರು. ಆಮೇಲೆ ನಾಲ್ಕನೆಯ ಕಪ್ಪಿನ ಮೇಲೆ, ಆರದಿರಲೆಂದು ಬಸಿ ಮುಚ್ಚಿ ‘ಇರಲಿ ಬಿಡ್ರಿ’ ಅಂದರು.