ಬ್ಯಾಂಡು ತಗ್ಗುವ ಜಾಗ

ಆ ರೆಕಾರ್ಡಿಂಗಿನಲ್ಲಿ ಮೊದಲು ಕೇಳಿಸುವುದು ಯಾರದೋ ಕೆಮ್ಮು. ಆಮೇಲೆ ಗಾಜಿನ ಲೋಟವನ್ನು ಮೇಜಿನ ಮೇಲಿಟ್ಟ ಸದ್ದು. ಆಮೇಲೆ ಒಬ್ಬ ಮನುಷ್ಯ ನಾಲ್ಕರವರೆಗೆ ಎಣಿಸುತ್ತಾನೆ, ಗಡಿಬಿಡಿಯಿಲ್ಲದೆ, ಮನೆಮಂದಿಯೊಡನೆ ಮಾತಾಡಿದ ಹಾಗೆ. ಎಣಿಕೆ ಮುಗಿದ ಕೂಡಲೇ ದೊಡ್ಡ ಬ್ಯಾಂಡೊಂದು ಒಮ್ಮೆಲೇ ಎದ್ದು ನಿಲ್ಲುತ್ತದೆ. ಎಣಿಸಿದವನೇ ಟ್ರಂಪೆಟ್ ಊದುವವನು. ಅಮೆರಿಕದ ಯಾವುದೋ ಸಭಾಂಗಣದಲ್ಲಿ ಜನರ ಎದುರಿಗೆ ನುಡಿಸಿದ್ದನ್ನು ಇದ್ದದ್ದು ಇದ್ದ ಹಾಗೆ ಹಿಡಿದಿಟ್ಟಿದ್ದಾರೆ. ಜಾಝ್ ಎಂದು ಕರೆಯುವ ಸಂಗೀತ. ನನ್ನ ಹೆಂಡತಿ ಮಾತ್ರ ಅದು ಶುರುವಾದರೆ ಅಡುಗೆಮನೆಯಿಂದಲೇ, "ಕಾರಖಾನಿ ಭೋಂಗಾ ಆತು ನೋಡ್ರಿ, ಪಾಳಿ ಮುಗೀತು, ಮನಿಗಿ ನಡೀರಿ" ಎನ್ನುತ್ತಾಳೆ.

ನಾನು ಸೈನ್ಯದ ಬ್ಯಾಂಡಿನಲ್ಲಿ ಟ್ರಂಪೆಟ್ ನುಡಿಸುತ್ತಿದ್ದೆ. ನಮ್ಮ ಬ್ಯಾಂಡ್ ಮಾಸ್ತರರ ಬಳಿ ಈ ಕ್ಯಾಸೆಟ್ ಇತ್ತು. ನಿವೃತ್ತಿಯಾಗಿ ಜಮಖಂಡಿಗೆ ಬರುವಾಗ ನಾನು ಅದರ ಒಂದು ನಕಲು ತಂದೆ. ಈಗ ಅದು ಫೋನಿನಲ್ಲಿದೆ. ಮೇಜಿನ ಮೇಲೆ ಒಂದು ಸ್ಪೀಕರ್ ಡಬ್ಬಿ ಇಟ್ಟಿದ್ದೇನೆ. ಸ್ನಾನ, ವ್ಯಾಯಾಮ, ಚಹಾ, ಆಮೇಲೆ ಇದು. ದಿನವೂ ಇದೇ ಕ್ರಮ.

ಸೈನ್ಯದಲ್ಲಿ ನಮಗೆ ಕಲಿಸಿದ್ದು ಬಹಳ ಸರಳ. ಬೂಟು ಹೊಳೆಯಬೇಕು, ಎಲ್ಲರ ಮೊಣಕೈ ಒಂದೇ ಎತ್ತರದಲ್ಲಿರಬೇಕು, ಸ್ವರ ಒಡೆಯಬಾರದು. ಒಡೆದರೆ ಪರೇಡು ಮುಗಿದ ಮೇಲೆ ಮೈದಾನ ಸುತ್ತಬೇಕು. ಈ ರೆಕಾರ್ಡಿಂಗಿನಲ್ಲಿ ಆ ಮನುಷ್ಯ ಒಂದು ಎತ್ತರದ ಸ್ವರಕ್ಕೆ ಹೋಗುತ್ತಾನೆ, ಅದು ಒಡೆಯುತ್ತದೆ. ಯಾರಿಗೂ ತಿಳಿಯದಂತೆ ಜಾರಿಕೊಳ್ಳಬಹುದಿತ್ತು. ಅವನು ಆ ಒಡಕು ಸದ್ದನ್ನೇ ಇನ್ನೊಮ್ಮೆ, ಬೇಕೆಂದೇ, ಊದುತ್ತಾನೆ. ಮತ್ತೊಮ್ಮೆ ಊದಿದಾಗ ಅದರಿಂದಲೇ ಹೊಸದೊಂದು ರಾಗ ಹೊರಡುತ್ತದೆ. ಹಿಂದೆ ಕುಳಿತ ಯಾರೋ ನಕ್ಕದ್ದೂ ಕೇಳುತ್ತದೆ. ಮೊದಲ ಸಲ ಕೇಳಿದಾಗ ನನಗೆ ಸಿಟ್ಟು ಬಂದಿತ್ತು. ಇಷ್ಟು ವರ್ಷ ಮೈದಾನ ಸುತ್ತಿದ್ದು ಏತಕ್ಕೆ ಎನ್ನಿಸಿತ್ತು.

ಅದರ ನಂತರ ಬರುವ ಜಾಗವೇ ನನ್ನದು. ಬ್ಯಾಂಡು ಪೂರ್ತಿ ಜೋರಾಗಿ ಹೋಗುತ್ತಿರುವಾಗ ಅವನು ಏನೋ ಸನ್ನೆ ಮಾಡುತ್ತಿರಬೇಕು; ಅಷ್ಟೂ ಜನ ಒಟ್ಟಿಗೆ ತಗ್ಗುತ್ತಾರೆ. ನಿಲ್ಲುವುದಿಲ್ಲ, ತಗ್ಗುತ್ತಾರೆ. ಅಷ್ಟೊಂದು ಹಿತ್ತಾಳೆ ಒಂದು ಉಸಿರಿನಷ್ಟಾಗುತ್ತದೆ. ಅದರ ಮೇಲೆ ಅವನ ಟ್ರಂಪೆಟ್, ನಿದ್ದೆ ಹೋದ ಕೂಸಿನ ಪಕ್ಕದಲ್ಲಿ ಕುಳಿತು ಮಾತಾಡಿದಂತೆ. ಸಭೆಯಲ್ಲಿ ಒಬ್ಬರೂ ಮಿಸುಕುವುದಿಲ್ಲ. ಜೋರಾಗಿ ಊದಲು ಎದೆಯಿದ್ದರೆ ಸಾಕು. ಹಾಗೆ ಮೆಲ್ಲಗೆ ಊದುವುದು ಎಷ್ಟು ಕಷ್ಟ ಎಂಬುದು ತುಟಿ ಹಚ್ಚಿದವರಿಗೆ ಮಾತ್ರ ಗೊತ್ತು.

ಮೇಲಿನ ಹಲ್ಲು ಬಿದ್ದ ಮೇಲೆ ನಾನು ಊದುವುದು ನಿಂತಿತು. ಕಟ್ಟಿಸಿದ ಹಲ್ಲಿನ ಮೇಲೆ ತುಟಿ ನಿಲ್ಲುವುದಿಲ್ಲ. ಅದಕ್ಕೆ ನಾನು ಹೊಂದಿಕೊಂಡೆ. ಹೊಂದಿಕೊಳ್ಳಲಾಗದ್ದು ಇನ್ನೊಂದು. ಆ ಜಾಗವನ್ನು ತುಟಿ ಹಚ್ಚಿದ ಇನ್ನೊಬ್ಬ ಮನುಷ್ಯ ಕೇಳಬೇಕು, ಕೇಳಿ ನನ್ನತ್ತ ನೋಡಬೇಕು. ನನಗೆ ಬೇಕಾಗಿದ್ದದ್ದು ಇಷ್ಟೇ. ಮುಧೋಳ, ಬೀಳಗಿ ಎಲ್ಲ ಕಡೆ ವಿಚಾರಿಸಿದೆ. ಬ್ಯಾಂಡುಗಳು ಮುಚ್ಚಿದ್ದವು. ಈಗ ಮದುವೆಗೆ ಡಿಜೆ ಗಾಡಿ ಬರುತ್ತದೆ. ಹಳೆಯ ಟ್ರಂಪೆಟ್ಟುಗಳು ತೂಕದ ಲೆಕ್ಕದಲ್ಲಿ ಮೋಡಕಾ ಅಂಗಡಿಯ ಗುಜರಿ ಸೇರಿದ್ದವು.

ತೇರದಾಳದ ಒಂದು ಮದುವೆಯಲ್ಲಿ ಅಂಥವನೊಬ್ಬ ಸಿಕ್ಕ. ಬನಹಟ್ಟಿಯ ಬ್ಯಾಂಡು ಮೆರವಣಿಗೆಯಲ್ಲಿ ಹೋಗುತ್ತಿತ್ತು. ಹಳೆಯ ಸಿನಿಮಾ ಹಾಡೊಂದರ ಕೊನೆಗೆ ಅದರ ಟ್ರಂಪೆಟ್ಟಿನವನು ಸ್ವರವನ್ನು ಒಂದಿಷ್ಟು ಬಗ್ಗಿಸಿ ಬಿಟ್ಟ. ಅದು ಹೇಳಿಕೊಟ್ಟು ಬರುವಂಥದ್ದಲ್ಲ. ಮೆರವಣಿಗೆ ಮುಗಿಯುವವರೆಗೆ ಕಾದು ಎದುರಿಗೆ ಹೋಗಿ ನಿಂತು ನನ್ನ ಪರಿಚಯ ಹೇಳಿಕೊಂಡೆ.

"ಮಿಲ್ಟ್ರಿ ಬ್ಯಾಂಡಿನ್ಯಾಗ ಇದ್ರೇನ್ರಿ?" ಅಂದ. "ಹಂಗಾರ ನಮ್ಮ ತಪ್ಪೆಲ್ಲಾ ಹಿಡದಿರಬೇಕು. ಇಲ್ಲೇ ಹೇಳಬ್ಯಾಡ್ರಿ ಸಾಹೇಬ್ರ, ಮಾಲಕ ಪಗಾರ ಮುರಕೋತಾನ."

ನನಗಿಂತ ಹತ್ತು-ಹನ್ನೆರಡು ವರ್ಷ ಚಿಕ್ಕವನು. ಹುಡುಗನಾಗಿದ್ದಾಗಿನಿಂದ ಬನಹಟ್ಟಿಯ ಪವರ್‌ಲೂಮ್ ಶೆಡ್ಡಿನಲ್ಲಿ ಸೀರೆ ನೇಯುವ ಕೆಲಸ. ಲಗ್ನದ ಸೀಸನ್ನಿನಲ್ಲಿ ಬ್ಯಾಂಡು. ಮಗ್ಗಕ್ಕೆ ರಜೆಯಿದ್ದ ದಿನ ಬಸ್ಸು ಹಿಡಿದು ನಮ್ಮ ಮನೆಗೆ ಬರತೊಡಗಿದ. ಎದುರುಬದುರು ಕುರ್ಚಿ ಹಾಕಿ ರೆಕಾರ್ಡಿಂಗ್ ಹಚ್ಚುತ್ತಿದ್ದೆ. ಅವನು ಕಣ್ಣು ಮುಚ್ಚುತ್ತಿರಲಿಲ್ಲ, ಕಿಟಕಿಯತ್ತ ನೋಡುತ್ತಿರಲಿಲ್ಲ. ನನ್ನ ಮುಖದ ಮೇಲೆಯೇ ದೃಷ್ಟಿ. ನಾನು ಬೆರಳೆತ್ತಿದರೆ ತಲೆಯಾಡಿಸುತ್ತಿದ್ದ. ಆ ಜಾಗ ಬಂದಾಗ ನಾನು ಉಸಿರು ಹಿಡಿಯುತ್ತಿದ್ದೆ, ಅವನೂ ಹಿಡಿಯುತ್ತಿದ್ದ. ಮುಗಿದ ಮೇಲೆ, "ಏನ್ ಊದ್ತಾನ್ರಿ ಸಾಹೇಬ್ರ, ಅಂವಗ ಊಟದ ಚಿಂತಿ ಇಲ್ಲ ಬಿಡ್ರಿ" ಎನ್ನುತ್ತಿದ್ದ.

ಅಂಥ ಕೇಳುಗ ನನಗೆ ಸೈನ್ಯದಲ್ಲೂ ಸಿಕ್ಕಿರಲಿಲ್ಲ.

ಒಂದು ಮಳೆಗಾಲ ಇಬ್ಬರೂ ಚಿಕ್ಕಪಡಸಲಗಿಗೆ ಹೋಗಿದ್ದೆವು. ಕೃಷ್ಣೆ ತುಂಬಿ ಬ್ಯಾರೇಜಿನ ಮೇಲಿಂದ ನೀರು ಬೀಳುತ್ತಿತ್ತು. ಆ ಭೋರ್ಗರೆತದಲ್ಲಿ ನಾನು ಕೂಗಿ ಕೂಗಿ ಮಾತಾಡುತ್ತಿದ್ದೆ. ಅವನು ನಕ್ಕು ನನ್ನ ಕಿವಿಯ ಹತ್ತಿರ ಬಂದು, "ಯಾಕ ಒದರ್ತೀರಿ? ಸಾವಕಾಶ ಹೇಳ್ರಿ, ತಿಳೀತೈತಿ" ಅಂದ. ನಾನು ಸಾವಕಾಶ ಹೇಳಿದೆ. ಪ್ರತಿ ಮಾತೂ ಅವನಿಗೆ ತಿಳಿಯಿತು. ಅವನ ಮಾತು ನನಗೆ ಅರ್ಧವೂ ತಿಳಿಯಲಿಲ್ಲ. ಮಗ್ಗದ ಸದ್ದಿನಲ್ಲಿ ಬೆಳೆದ ಕಿವಿ, ಎಷ್ಟು ಚುರುಕು, ಎಂದುಕೊಂಡೆ. ಮನೆಗೆ ಬಂದು ಹೆಂಡತಿಯ ಮುಂದೆಯೂ ಹೊಗಳಿದೆ.

ಮುಧೋಳದಲ್ಲಿ ನನ್ನ ತಮ್ಮನ ಮಗಳ ಮದುವೆ ಗೊತ್ತಾಯಿತು. ಡಿಜೆ ಬೇಡ, ಬನಹಟ್ಟಿ ಬ್ಯಾಂಡು ಇರಲಿ ಎಂದು ನಾನೇ ಹಟ ಹಿಡಿದೆ. ಆ ರೆಕಾರ್ಡಿಂಗಿನ ಒಂದು ಭಾಗವನ್ನು, ಆ ತಗ್ಗುವ ಜಾಗ ಸೇರಿಸಿ, ಅಕ್ಷತೆಯಾದ ಮೇಲೆ ಜನ ಊಟಕ್ಕೆ ಏಳುವ ಮೊದಲು ನುಡಿಸಬೇಕೆಂದು ಗೊತ್ತುಮಾಡಿದೆ. ಬ್ಯಾಂಡಿನ ಉಳಿದವರಿಗೆ ಫೋನಿನಲ್ಲಿ ಕೇಳಿಸಿ ಕಲಿಸಿದೆ. ಅವನಿಗೆ ನನ್ನ ಹಳೆಯ ಟ್ರಂಪೆಟ್ಟಿನ ಗುಂಡಿಗಳ ಮೇಲೆ ಬೆರಳಾಡಿಸಿ ತೋರಿಸಿದೆ. ಅವನು ನನ್ನ ಬೆರಳು, ನನ್ನ ಬಾಯಿ ನೋಡಿ ಊದುತ್ತಿದ್ದ. ಸರಿಯಾದರೆ ನಾನು ತಲೆಯಾಡಿಸುತ್ತಿದ್ದೆ, ತಪ್ಪಾದರೆ ಕೈಯಾಡಿಸುತ್ತಿದ್ದೆ. ಉಳಿದವರಿಗಿಂತ ಬೇಗ ಕಲಿತ. ಆ ಜಾಗ ಬಂದಾಗ ನಾನು ಅಂಗೈಯನ್ನು ನಿಧಾನಕ್ಕೆ ಕೆಳಗಿಳಿಸುತ್ತಿದ್ದೆ. ಅಷ್ಟಷ್ಟೇ ಅವನೂ ಇಳಿಯುತ್ತಿದ್ದ. ಬನಹಟ್ಟಿಯ ಶೆಡ್ಡಿನ ಹಿಂದಿನ ಬಯಲಿನಲ್ಲಿ ಒಂದು ಸಂಜೆ ಅದು ಅಚ್ಚುಕಟ್ಟಾಗಿ ಬಂತು. ನಾನು ಆಚೆ ತಿರುಗಿ ಕಣ್ಣೊರೆಸಿಕೊಂಡೆ.

ಮದುವೆಯ ದಿನ ಅಕ್ಷತೆ ಬಿತ್ತು. ಬ್ಯಾಂಡು ಶುರುವಾಯಿತು. ನಾನು ಅವನಿಗೆ ಕಾಣುವಂತೆ ಎದುರಿನ ಸಾಲಿನಲ್ಲೇ ಕುಳಿತಿದ್ದೆ. ಎಲ್ಲ ಸರಿಯಾಗಿಯೇ ನಡೆದಿತ್ತು. ಇನ್ನೇನು ಆ ಜಾಗ ಬಂತು ಎನ್ನುವಾಗ ತೇರದಾಳದ ಬೀಗರು ನಾಲ್ಕೈದು ಜನ ನಮಸ್ಕಾರ ಮಾಡುತ್ತ ನನ್ನ ಎದುರಿಗೆ ಬಂದು ನಿಂತರು. ನಾನು ಏಳುವಷ್ಟರಲ್ಲಿ ಬ್ಯಾಂಡು ತಗ್ಗಿತು. ಕ್ಲಾರಿಯೊನೆಟ್ಟಿನವರು, ಡ್ರಮ್ಮಿನವರು, ಎಲ್ಲರೂ ಹೇಳಿಕೊಟ್ಟಂತೆ ತಗ್ಗಿದರು. ಅವನು ತಗ್ಗಲಿಲ್ಲ. ಖಾಲಿಯಾದ ಆ ಜಾಗದ ತುಂಬ ಒಬ್ಬನೇ, ಎದೆ ತುಂಬ ಗಾಳಿ ಎಳೆದು, ಮೆರವಣಿಗೆಯಲ್ಲಿ ಊದಿದಂತೆ ಊದಿದ. ಕೂಸುಗಳು ಅತ್ತವು. ಹುಡುಗಿಯರು ಕಿವಿ ಮುಚ್ಚಿಕೊಂಡು ನಗತೊಡಗಿದರು.

"ಯಾರರ ಆ ಪಿಪಾಣಿ ಬಾಯಾಗ ಒಂದು ಹೋಳಿಗಿ ತುರಕ್ರೋ," ಎಂದು ಗಂಡಿನ ಕಡೆಯ ಹಿರಿಯರೊಬ್ಬರು ಅಂದರು. ಚಪ್ಪರಕ್ಕೆ ಚಪ್ಪರವೇ ನಕ್ಕಿತು.

ಅವನು ಮಾತ್ರ ಊದುತ್ತಲೇ ಇದ್ದ. ಅವನ ಕಣ್ಣು ಸಾಲುಗಳ ಮೇಲೆ ಅತ್ತಿಂದಿತ್ತ ಓಡುತ್ತಿತ್ತು. ನನ್ನನ್ನು ಹುಡುಕುತ್ತಿದ್ದ.

ಮುಗಿದ ಮೇಲೆ ಬೆವರು ಒರೆಸಿಕೊಳ್ಳುತ್ತ ಬಂದು, "ಹೆಂಗಾತ್ರಿ?" ಅಂದ. ಮುಖ ಅರಳಿತ್ತು. ಜನ ನಕ್ಕದ್ದನ್ನು ಅವನು ಖುಷಿಗೆ ನಕ್ಕದ್ದೆಂದು ತಿಳಿದಿದ್ದ.

"ಛಲೋ ಆತು, ಊಟಾ ಮಾಡು ನಡಿ," ಅಂದೆ. ಒಳಗೆ ಕುದಿಯುತ್ತಿದ್ದೆ. ಶಿಸ್ತಿಲ್ಲದ ಕೆಲಸ, ಜನ ಕಂಡ ಕೂಡಲೇ ಉಬ್ಬಿಬಿಟ್ಟ, ಎಂದುಕೊಂಡೆ.

ಒಂದು ವಾರ ಬಿಟ್ಟು ಅದನ್ನೇ ಕೇಳಿಬಿಡೋಣವೆಂದು ಬನಹಟ್ಟಿಗೆ ಹೋದೆ. ಅವನು ಶೆಡ್ಡಿಗೆ ಹೋಗಿದ್ದ. ಅವನ ಹೆಂಡತಿ ಹೊಸ್ತಿಲ ಒಳಗೆ ಕುಳಿತು ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನೀರು ಕೊಟ್ಟಳು. ನಾನು ಮದುವೆಯಲ್ಲಿ ಆದದ್ದನ್ನು ಹೇಳಿ, "ಯಾಕ ಹಂಗ ಮಾಡಿದಾ ತಂಗಿ? ಎಲ್ಲಾರೂ ಸಣ್ಣಾಗ ಬಾರಸೂದು ಕೇಳಿ ಇಂವಗ ತಿಳೀಲಿಲ್ಲೇನು?" ಅಂದೆ.

ಅವಳು ಸುತ್ತುವುದನ್ನು ನಿಲ್ಲಿಸಿದಳು.

"ಅವರಿಗಿ ಕೇಳಂಗಿಲ್ಲಲ್ರಿ ಅಣ್ಣಾರ."

"ಏನ್ ಕೇಳಂಗಿಲ್ಲ?"

"ಕಿವೀನ ಕೇಳಂಗಿಲ್ರಿ. ಮಗ್ಗದ ಮುಂದ ಹೋಗ್ಯಾವು. ಈ ಓಣ್ಯಾಗ ಯಾರಿಗಿ ನೆಟ್ಟಗ ಕೇಳತೈತಿ? ನನಗೂ ಒಂದು ಕಿವಿ ಅಷ್ಟ. ಶೆಡ್ಡಿನ್ಯಾಗ ಎಲ್ಲಾರೂ ತುಟಿ ನೋಡೇ ಮಾತಾಡ್ತಾರ್ರಿ. ನಿಮ್ಮ ತುಟೀನೂ ಹಂಗ ನೋಡಿ ತಿಳಕೋತಾರ. ನಿಮಗ ಗೊತ್ತೈತಿ ಅನಕೊಂಡಿದ್ನೆಲ್ರಿ."

"ಮತ್ತ ಬ್ಯಾಂಡು?"

"ಡೊಳ್ಳು ಎದಿಗಿ ಬಡೀತೈತಿ ಅಂತಾರ್ರಿ. ತಮ್ಮ ತುತ್ತೂರಿ ಹಲ್ಲಿನ್ಯಾಗ ನಡಗತೈತಿ. ಹಳೇ ಹಾಡು, ಬೆರಳಿಗಿ ಬಾಯಿಪಾಠ ಆಗ್ಯಾವು."

"ನಮ್ಮ ಮನಿಗಿ ಬಂದು ಏನ್ ಕೇಳ್ತಿದ್ದ ಹಂಗಾರ?"

ಅವಳು ಸ್ವಲ್ಪ ನಕ್ಕಳು. "ನಿಮ್ಮ ಮಾರಿ ನೋಡಾಕ ಬರ್ತಾರ್ರಿ. ಆ ಹಾಡು ಹಚ್ಚಿದಾಗ ಸಾಹೇಬ್ರು ಹಿಂಗ ಮಾಡ್ತಾರ, ಹಂಗ ಮಾಡ್ತಾರ ಅಂತ ಮನಿಗಿ ಬಂದು ಮಾಡಿ ತೋರಸ್ತಾರ. ಓಣಿ ಮಂದಿ ನೋಡಿ ನಗ್ತೈತಿ. ಸಿಟ್ಟಾಗಬ್ಯಾಡ್ರಿ."

ಯಾವಾಗಿನಿಂದ ಎಂದು ಕೇಳಿದೆ. ಅವಳು ಲೆಕ್ಕ ಹಾಕಿ ಹೇಳಿದ್ದು ನಾವಿಬ್ಬರೂ ತೇರದಾಳದಲ್ಲಿ ಭೇಟಿಯಾಗುವುದಕ್ಕೆ ಬಹಳ ಮೊದಲಿನ ಕಾಲ. ಅಂದರೆ ಒಂದು ಸಲವೂ ಇಲ್ಲ. ಆ ಕೆಮ್ಮು, ಆ ಲೋಟ, ಆ ಎಣಿಕೆ, ಆ ಒಡೆದ ಸ್ವರ, ಯಾವುದನ್ನೂ ಅವನು ಒಂದು ಸಲವೂ ಕೇಳಿರಲಿಲ್ಲ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ಜಮಖಂಡಿಗೆ ಬಂದೆ. ಹೊರಗೆ ಕಬ್ಬು, ಮತ್ತೆ ಕಬ್ಬು. ಅವನು ಉಸಿರು ಹಿಡಿದದ್ದು ನನ್ನನ್ನು ನೋಡಿ. ಅಷ್ಟೂ ದಿನ ಆ ಕೋಣೆಯಲ್ಲಿ ಕೇಳುತ್ತಿದ್ದವನು ನಾನೊಬ್ಬನೇ.

ನಾನು ಕೈಕಟ್ಟಿ ಕೂರುವವನಲ್ಲ. ಅವನನ್ನು ಜಮಖಂಡಿಯ ಕಿವಿ ಡಾಕ್ಟರರ ಬಳಿ ಕರೆದೊಯ್ದೆ. ನರ ಸತ್ತಿವೆ, ಹೋದದ್ದು ಬರುವುದಿಲ್ಲ ಎಂದರು. ಆದರೂ ಕಿವಿಗೆ ಒಂದು ಮಷಿನ್ ಹಾಕಿಸಿದೆವು. ಮನೆಗೆ ಬಂದು ರೆಕಾರ್ಡಿಂಗ್ ಹಚ್ಚಿದೆ. ಅವನು ಮುಖ ಕಿವುಚಿ ಅದನ್ನು ತೆಗೆದುಬಿಟ್ಟ. "ತಗಡಿನ ಮ್ಯಾಲ ಜಲ್ಲಿ ಸುರುವಿದಂಗ ಆಗತೈತ್ರಿ. ಮಂದಿ, ಬ್ಯಾಂಡು, ಏನೂ ಬ್ಯಾರೆ ಆಗವಲ್ದು." ಮತ್ತೂ ಕೆಲವು ದಿನ ಹಾಕಿಕೊಂಡು ನೋಡಿದ. ಆಮೇಲೆ ಅದು ಅವನ ಮನೆಯ ದೇವರ ಮಾಡದಲ್ಲಿ ಉಳಿಯಿತು.

ಮೊನ್ನೆ ರಜೆಗೆ ಬಂದಿದ್ದ. ಬ್ಯಾಂಡಿನ ಮಾಲಕ ಈ ಸೀಸನ್ನಿಗೆ ಡಿಜೆ ಗಾಡಿ ತಂದಿದ್ದಾನೆ, ಟ್ರಂಪೆಟ್ ಬೇಡವಂತೆ. ಅದನ್ನು ಮಳೆ ಬರಲಿಲ್ಲ ಎಂದು ಹೇಳುವಂತೆ ಹೇಳಿದ. ಚಹಾ ಕುಡಿದೆವು. ನಾನು ಫೋನನ್ನು ಮುಟ್ಟಲಿಲ್ಲ. ಅವನೇ ಡಬ್ಬಿಯತ್ತ ಗೋಣು ಚಾಚಿ, "ಹಚ್ಚರಿ. ನಿಮಗ ಅದ ಇಲ್ಲದ ನಡಿಯಂಗಿಲ್ಲ" ಅಂದ.

ಹಚ್ಚಿದೆ. ಈಗ ಮುಚ್ಚಿಡುವುದು ಏನೂ ಇರಲಿಲ್ಲವಾದ್ದರಿಂದ ಅವನು ಕುರ್ಚಿ ಎಳೆದುಕೊಂಡು ಅಂಗೈಯನ್ನು ಸ್ಪೀಕರಿನ ಮೇಲಿಟ್ಟ. ಬ್ಯಾಂಡು ಎದ್ದಾಗ ಅವನ ಬೆರಳುಗಳಿಗೆ ಅದು ತಾಕಿತು, ಹುಬ್ಬೇರಿಸಿದ. ಡ್ರಮ್ಮಿಗೆ ಸರಿಯಾಗಿ ತಲೆ ಆಡಿಸಿದ. ನಾನು ಈ ಸಲ ಕೈ ಎತ್ತಲಿಲ್ಲ, ಮುಖವನ್ನೂ ಬಿಗಿಹಿಡಿದೆ. ಅವನು ತಾನಾಗಿ ಏನನ್ನಾದರೂ ಹಿಡಿಯಲಿ ಎಂಬ ಹುಚ್ಚು ಆಸೆ.

ಆ ಜಾಗ ಬಂತು. ಬ್ಯಾಂಡು ತಗ್ಗಿತು.

ಅವನು ಅಂಗೈಯನ್ನು ಇನ್ನಷ್ಟು ಒತ್ತಿದ. ಆಮೇಲೆ ತೆಗೆದು, ತೊಡೆಗೆ ಒರೆಸಿಕೊಂಡು, ನನ್ನತ್ತ ನೋಡಿದ.

"ಮುಗೀತೇನ್ರಿ?"

ಡಬ್ಬಿಯೊಳಗೆ ಆ ಮನುಷ್ಯ ಮೆಲ್ಲಗೆ ಊದುತ್ತಿದ್ದ. ಇಲ್ಲ, ಇದೇ ಅದು, ಇದಕ್ಕಾಗಿಯೇ ನಿನ್ನನ್ನು ಕರೆಯುತ್ತಿದ್ದದ್ದು ಎಂದು ಹೇಳಬಹುದಿತ್ತು. ತುಟಿ ನೋಡಿ ಅವನು ತಿಳಿದುಕೊಳ್ಳುತ್ತಿದ್ದ. ತಿಳಿದುಕೊಂಡು ಏನು ಮಾಡಬೇಕಿತ್ತು?

"ಮುಗೀತು," ಅಂದೆ.

"ಹಂಗಾರ ಬರ್ತೀನ್ರಿ, ಬನಹಟ್ಟಿ ಮ್ಯಾಲ ಹೋಗೂ ತೇರದಾಳ ಗಾಡಿ ಸಿಗತೈತಿ," ಎಂದು ಎದ್ದು ಚಪ್ಪಲಿ ಮೆಟ್ಟಿಕೊಂಡ. ಬಾಗಿಲವರೆಗೆ ಹೋದೆ. ಮಳೆ ಬಂದೀತು, ಛತ್ರಿ ಒಯ್ಯಿ ಅಂದೆ, ಬೇಡ ಅಂದ. ಅವನಿಗೆ ನನ್ನ ತುಟಿ ಕಾಣಲೆಂದು ನಾನು ಹಿಂದಕ್ಕೆ ತಿರುಗದೆ ನಿಂತಿದ್ದೆ. ಕೋಣೆಯಲ್ಲಿ ಅದು ಇನ್ನೂ ನಡೆದಿತ್ತು.