ಗಂಡನ ಹೆಸರು ಕೇಳುತ್ತಿದ್ದ ಕೋಡು

ಆ ಕಂಪ್ಯೂಟರ್ ಕೋಡು ಬರೆದದ್ದು ನಾನೇ. ಇಷ್ಟು ವರ್ಷದ ಮೇಲೆ ನೆನೆಸಿಕೊಂಡರೆ ನಾಚಿಕೆಯಾಗಬೇಕು, ಆಗುವುದಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ಮೇಲೆ ದವಡೆ ಮರಗಟ್ಟಿರುತ್ತದಲ್ಲ, ಹಾಗಿರುತ್ತದೆ.

ಗಣಿ ಜೋರಾಗಿದ್ದ ಕಾಲ. ಹೊಸಪೇಟೆ ಬಸ್‌ಸ್ಟ್ಯಾಂಡಿನ ಹತ್ತಿರ ಔಷಧಿ ಅಂಗಡಿಯ ಮೇಲೆ ನನ್ನದೊಂದು ಕೋಣೆಯ ಆಫೀಸು. ಮೇಜು ಒರೆಸಿದರೆ ಅದಿರಿನ ಧೂಳಿಗೆ ಬಟ್ಟೆ ಕೆಂಪಾಗುತ್ತಿತ್ತು. ಎಲ್ಲರಿಗೂ ವೆಬ್‌ಸೈಟ್ ಬೇಕಿತ್ತು, ಎಲ್ಲ ವೆಬ್‌ಸೈಟಿಗೂ ಲಾಗಿನ್ ಬೇಕಿತ್ತು. ಪ್ರತಿ ಸಲ ಹೊಸದಾಗಿ ಬರೆಯಲು ನನಗೇನು ಹುಚ್ಚೇ? ಪಾಸ್‌ವರ್ಡ್ ಪರೀಕ್ಷಿಸುವುದು, ಮರೆತವರಿಗೆ ಹೊಸದು ಕೊಡುವುದು, ಯಾರು ಯಾವ ಪುಟ ನೋಡಬಹುದೆಂದು ತೀರ್ಮಾನಿಸುವುದು, ಇಷ್ಟನ್ನೂ ಯಾವ ವೆಬ್‌ಸೈಟಿಗಾದರೂ ಎತ್ತಿ ಜೋಡಿಸಬಹುದಾದ ಕೋಡಿನ ಒಂದು ಕಟ್ಟಾಗಿ, ನಮ್ಮ ಭಾಷೆಯಲ್ಲಿ ಲೈಬ್ರರಿಯಾಗಿ, ಕಟ್ಟಿಟ್ಟೆ. ಮಾಹಿತಿ ಎಲ್ಲಿ ಕೂಡಿಟ್ಟಿದ್ದಾರೆ ಎಂಬ ಉಸಾಬರಿ ಅದಕ್ಕಿರಲಿಲ್ಲ. ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಬರೀ ಒಂದು ಫೈಲು, ಹಂಪಿಯ ಲಾಡ್ಜಿನಲ್ಲಿ ಸಣ್ಣ ಡೇಟಾಬೇಸು, ಯಶವಂತನಗರದ ಕಡೆಯ ಗಣಿ ಕಂಪನಿಯಲ್ಲಿ ದೊಡ್ಡದು. ಉಗ್ರಾಣ ಯಾವುದಾದರೇನು, ಬಾಗಿಲಿಗೆ ಬೀಗ ಒಂದೇ. ನನಗೆ ಅದರ ಜಂಬ ಬೇರೆ.

ಪಾಸ್‌ವರ್ಡ್ ಮರೆತವರಿಗೆ ಒಂದು ಗುಟ್ಟಿನ ಪ್ರಶ್ನೆ ಇಟ್ಟಿದ್ದೆ. ಮದುವೆಯಾದ ಹೆಂಗಸರಾದರೆ ಗಂಡನ ಹೆಸರು, ಉಳಿದವರಿಗೆ ತಂದೆಯ ಹೆಸರು. ಸರಕಾರಿ ಅರ್ಜಿಯಲ್ಲಿ ಇರುವುದನ್ನೇ ಎತ್ತಿ ಇಲ್ಲಿ ಹಾಕಿದ್ದೆ, ಯೋಚನೆ ಗೀಚನೆ ಏನೂ ಮಾಡಿರಲಿಲ್ಲ.

ಗಣಿ ಕಂಪನಿಯ ತೂಕದ ಆಫೀಸಿನಲ್ಲಿ ತೂಕವಾದ ಅದಿರಿನ ಲಾರಿಗಳಿಗೆ ಹೊರಗೆ ಹೋಗುವ ಪಾಸ್ ಕೊಡುವ ಕೆಲಸ ಒಬ್ಬ ಹೆಂಗಸಿನದು. ನಲವತ್ತರ ಆಸುಪಾಸು. ಗಂಡ ಅದೇ ಗಣಿಯಲ್ಲಿ ಕಾಲು ಕಳೆದುಕೊಂಡು ಮನೆಯಲ್ಲಿ ಕೂತ ಮೇಲೆ ಪರಿಹಾರವೆಂದು ಕಂಪನಿ ಕೊಟ್ಟ ಕೆಲಸ ಅದು. ಮನೆ ನಡೆಯುತ್ತಿದ್ದುದು ಅದೊಂದರಿಂದಲೇ. ನಾನು ಹೇಳಿಕೊಡಲು ಹೋದ ದಿನ ಎಲ್ಲವನ್ನೂ ಚೆನ್ನಾಗಿ ಕಲಿತರು. ಆ ಪ್ರಶ್ನೆ ಬಂದಾಗ ಮಾತ್ರ ಕೀಬೋರ್ಡಿನಿಂದ ಕೈ ತೆಗೆದರು.

"ನೀವ ಹಾಕ್ರಿ ಸರ್. ಅವ್ರ ಹೆಸ್ರು ನಾವು ಹೇಳಂಗಿಲ್ರಿ, ಬರಿಯಂಗೂ ಇಲ್ಲ."

ಹಿಂದಿನ ಮೇಜಿನ ಗುಮಾಸ್ತನಿಗೆ ಅಷ್ಟೇ ಸಾಕಾಯಿತು. "ಯಕ್ಕಾ, ಮದುವ್ಯಾಗ ಹೇಳಿದಂಗ ಒಡಪು ಕಟ್ಟಿ ಅದ್ರಾಗ ಹೆಸ್ರು ಸೇರ್ಸಿ ಹೇಳ್ಬಿಡು," ಎಂದ. ಆಕೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಕೊನೆಗೆ ಅವನೇ ಆ ಹೆಸರನ್ನು ಇಡೀ ಕೋಣೆಗೆ ಕೇಳುವಂತೆ ಕೂಗಿ ಹೇಳಿದ. ನಾನು ಟೈಪ್ ಮಾಡಿದೆ.

ಎರಡು ತಿಂಗಳ ಮೇಲೆ, ಆಕೆ ಮದುವೆಯೊಂದಕ್ಕೆ ಕಂಪ್ಲಿಗೆ ಹೋಗಿದ್ದ ದಿನ, ಯಾರೋ ಅವರ ಪಾಸ್‌ವರ್ಡ್ ಬದಲಿಸಿ, ತೂಕವೇ ಆಗದ ಲಾರಿಗಳಿಗೆ ಅವರ ಹೆಸರಿನಲ್ಲಿ ಪಾಸ್ ಕೊಟ್ಟಿದ್ದರು. ಮ್ಯಾನೇಜರು ನನ್ನನ್ನು ಕರೆಸಿದರು. ಆಕೆಯೂ ಇದ್ದರು, ಆ ಗುಮಾಸ್ತನೂ ಇದ್ದ.

"ನಾನು ಊರಾಗ ಇರಲೇ ಇಲ್ರಿ ಸಾಹೇಬ್ರ," ಎಂದರು ಆಕೆ.

"ಇದು ಎಲ್ಲಿಂದ ಬೇಕಾದ್ರೂ ಓಪನ್ ಆಗ್ತೈತಿ ಅಂತ ಇವ್ರ ಹೇಳ್ಯಾರ. ಕಂಪ್ಲ್ಯಾಗ ಸೈಬರ್ ಕೆಫೆ ಇಲ್ಲೇನು?" ಎಂದು ಮ್ಯಾನೇಜರು ನನ್ನ ಕಡೆ ತಿರುಗಿದರು. "ಆ ಉತ್ತರ ಗೊತ್ತಿಲ್ದ ಪಾಸ್‌ವರ್ಡ್ ಬದ್ಲಿ ಮಾಡಾಕ ಬರ್ತೈತೇನ್ರಿ?"

"ಇಲ್ಲ ಸರ್."

"ಸರ್, ಅವತ್ತು ಟೈಪ್ ಮಾಡಿದ್ದು ನೀವ," ಎಂದರು ಆಕೆ. "ಇವ್ರು ಒದರಿ ಹೇಳಿದ್ರು, ಎಲ್ಲಾರೂ ಕೇಳ್ಯಾರ. ಒಂದ್ ಮಾತು ಹೇಳ್ರಿ ಸರ್."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವರು ಆ ಕೋಣೆಯಲ್ಲಿ ಇಬ್ಬರಿದ್ದೆವು. ಇಬ್ಬರೂ ಮುಟ್ಟಿಕೊಳ್ಳಲಿಲ್ಲ. ಹೌದು ಎಂದರೆ ನನ್ನ ಬೀಗ ಬೀಗವೇ ಅಲ್ಲವೆಂದು ಒಪ್ಪಿಕೊಂಡಂತೆ. ಇನ್ನೆರಡು ಗಣಿಗಳಿಗೆ ಅದನ್ನೇ ಹಾಕಿಸಿಕೊಡುವುದಾಗಿ ಮ್ಯಾನೇಜರು ಮಾತು ಕೊಟ್ಟಿದ್ದರು. ಹೆದರಿಕೆಯಾಯಿತು ಎಂದರೂ ಸುಳ್ಳು. ಏನೂ ಆಗಲಿಲ್ಲ.

"ಟೈಪ್ ಮಾಡಿದ್ದು ಯಾರು ಅಂತ ಲೈಬ್ರರಿ ಬರೆದಿಡಲ್ಲ ಸರ್. ನನಗೂ ನೆನಪಿಲ್ಲ," ಎಂದೆ. ಮೊದಲನೆಯ ಮಾತು ನಿಜ.

ಆಕೆ ನಾಳೆಯಿಂದ ಕೆಲಸಕ್ಕೆ ಬರುವುದು ಬೇಡ, ಕಂಪ್ಯೂಟರಿನಿಂದ ಹೆಸರನ್ನು ಈಗಲೇ ತೆಗೆಯಿರಿ ಎಂದು ಮ್ಯಾನೇಜರು ಹೇಳಿದರು. ಡೇಟಾಬೇಸ್ ಯಾವುದೇ ಇರಲಿ, ಒಬ್ಬರನ್ನು ತೆಗೆಯಲು ಒಂದೇ ಸಾಲು ಸಾಕಾಗುವಂತೆ ಬರೆದಿದ್ದೆ. ಕೂತು ತೆಗೆದೆ. ಆಕೆ ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಬೈದಿದ್ದರೆ ಚೆನ್ನಾಗಿತ್ತು.

"ಆತೇನ್ರಿ ಸರ್?"

"ಆಯ್ತಮ್ಮ."

"ಬರ್ತೀನ್ರಿ ಹಂಗಾರ," ಎಂದು ಊಟದ ಡಬ್ಬಿ ಎತ್ತಿಕೊಂಡು ಹೋದರು.

ಮರುದಿನವೇ ಆ ಪ್ರಶ್ನೆಯನ್ನು ಲೈಬ್ರರಿಯಿಂದ ಕಿತ್ತುಹಾಕಿದೆ. ಕಂಪ್ಲಿಗೆ ಹೋದೆ, ಹಂಪಿಗೆ ಹೋದೆ, ಕೊನೆಗೆ ಗಣಿ ಆಫೀಸಿಗೂ ಹೋಗಿ ಹೊಸದನ್ನು ಹಾಕಿದೆ. ಏನು ಬದಲಿ ಮಾಡಿದಿರಿ ಎಂದು ಮ್ಯಾನೇಜರು ಕೇಳಿದರು.

ಸಣ್ಣ ರಿಪೇರಿ ಸರ್, ಎಂದೆ.