ಸ್ವಿಚ್‌ಬೋರ್ಡಿನ ಪಕ್ಕ ಅಂಟಿಸಿದ ಹಾಳೆ

ಇದನ್ನು ಬರೆಯಲು ಕೂತು ಎಷ್ಟೋ ಸಲ ಎದ್ದುಬಿಟ್ಟಿದ್ದೇನೆ. ಹೆಂಡತಿ ಬದುಕಿದ್ದಾಗ ಅವಳಿಗಾದರೂ ಹೇಳಬಹುದಿತ್ತು. ಹೇಳಲಿಲ್ಲ.

ನಾನು ಮೆಟ್ರಿಕ್ ಓದಿದವನು. ಬೀದರ್ ಕಡೆಯಿಂದ ತೆಲುಗು ಸೀಮೆಗೆ ಬಂದು ಜೀಡಿಮೆಟ್ಲಾದ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಟೈಪಿಸ್ಟ್ ಆಗಿದ್ದೆ. ಕಂಪನಿ ವಿದೇಶದ್ದು. ಊರೆಲ್ಲ ಸಾಫ್ಟ್‌ವೇರ್ ಎನ್ನುತ್ತಿದ್ದ ಆ ವರ್ಷಗಳಲ್ಲಿ ಅದರ ಮುಖ್ಯ ಕಚೇರಿಯಿಂದ ಒಂದು ದಪ್ಪ ಫೈಲು ಬಂತು. ಅಪಘಾತವಾದರೆ ಮೊದಲು ಯಾರಿಗೆ ಫೋನ್ ಮಾಡಬೇಕು, ಪತ್ರಿಕೆಯವರಿಗೆ ಏನು ಹೇಳಬೇಕು ಎಂಬುದೆಲ್ಲ ಅದರಲ್ಲಿತ್ತು. ಬೇಗಂಪೇಟೆಯ ಆಫೀಸಿನಿಂದ ಅಧಿಕಾರಿಯೊಬ್ಬರು ಬಂದು ಎರಡು ದಿನ ಕಲಿಸಿದರು. ಮ್ಯಾನೇಜರ್ ಒಬ್ಬರೇ ಮಾತಾಡಬೇಕು. ಉಳಿದವರು ಒಂದೇ ವಾಕ್ಯ ಓದಬೇಕು: ಮಾಹಿತಿ ಪರಿಶೀಲಿಸಲಾಗುತ್ತಿದೆ, ನಿಮ್ಮ ನಂಬರ್ ಕೊಡಿ. ಅದನ್ನು ಇಂಗ್ಲಿಷ್, ತೆಲುಗು, ಹಿಂದಿಯಲ್ಲಿ ಬರೆಸಿ ಟೆಲಿಫೋನ್ ಸ್ವಿಚ್‌ಬೋರ್ಡಿನ ಪಕ್ಕ ನಾನೇ ಅಂಟಿಸಿದೆ. ಗುತ್ತಿಗೆ ಕೂಲಿಗಳಲ್ಲಿ ಅರ್ಧ ಜನ ನಮ್ಮ ಕಡೆಯವರಾಗಿದ್ದರೂ ಕನ್ನಡದ್ದೊಂದು ಬೇಕೆಂದು ನನಗೂ ಹೊಳೆಯಲಿಲ್ಲ.

ಸ್ವಿಚ್‌ಬೋರ್ಡಿನಲ್ಲಿ ಕೂರುತ್ತಿದ್ದವಳು ತೆಲುಗಿನ ಹುಡುಗಿ. ತಂದೆ ಇರಲಿಲ್ಲ, ಮನೆ ನಡೆಯುತ್ತಿದ್ದುದು ಅವಳ ನೌಕರಿಯ ಮೇಲೆ. ನನ್ನನ್ನು ಚಾಚಾ ಎನ್ನುತ್ತಿದ್ದಳು. ಕನ್ನಡದ ಫೋನ್ ಬಂದರೆ ಅವಳಿಗೆ ತಿಳಿಯುತ್ತಿರಲಿಲ್ಲ, ನನ್ನ ಮೇಜಿಗೆ ಕೊಡುತ್ತಿದ್ದಳು. ಹೊರಗಿನಿಂದ ಬಂದ ಫೋನನ್ನು ರಿಜಿಸ್ಟರಿನಲ್ಲಿ ಬರೆಯುತ್ತಿದ್ದಳೇ ಹೊರತು, ಒಳಗೆ ಯಾರಿಗೆ ಕೊಟ್ಟಳೆಂದು ಬರೆಯುವ ರೂಢಿ ಇರಲಿಲ್ಲ.

ಒಂದು ಬೆಳಿಗ್ಗೆ ಆಸಿಡ್ ಪೈಪಿನ ಜೋಡಣೆ ಬಿಟ್ಟು ಗುತ್ತಿಗೆಯ ಇಬ್ಬರಿಗೆ ಮೈ ಸುಟ್ಟಿತು. ಸ್ವಲ್ಪ ಹೊತ್ತಿಗೆ ಹುಡುಗಿ ನನಗೊಂದು ಫೋನ್ ಕೊಟ್ಟಳು. ಅವರಲ್ಲಿ ಒಬ್ಬನ ಹೆಂಡತಿ, ಎಸ್‌ಟಿಡಿ ಬೂತಿನಿಂದ ಮಾಡಿದ್ದಳು. ಹಾಳೆಯಲ್ಲಿದ್ದುದನ್ನೇ ಕನ್ನಡ ಮಾಡಿ ಹೇಳಿದೆ.

"ಅದೇನಂತ ತಿಳೀಲಿಲ್ರಿ ಅಣ್ಣಾರ," ಎಂದಳು. "ಜೀವ ಐತೇನ್ರಿ?"

"ಐತಿ ತಂಗಿ. ಮೈ ಸುಟ್ಟೈತಿ. ಬಾಲಾನಗರದ ದವಾಖಾನಿಗೆ ಒಯ್ದಾರ, ಲಗೂನ ಹೋಗು."

ಹೇಳಿದ್ದಕ್ಕೆ ಇಂದಿಗೂ ಪಶ್ಚಾತ್ತಾಪವಿಲ್ಲ. ಆದರೆ ಆಕೆ ಜೋಪಡಿಯ ಜನರನ್ನೆಲ್ಲ ಕರೆದುಕೊಂಡು ಹೋದಳು. ಅವರ ಹಿಂದೆ ಟಿವಿಯವರೂ ಹೋದರು. ಕಂಪನಿ ಬಾಯಿ ತೆರೆಯುವ ಮೊದಲೇ ಸುದ್ದಿ ಹೊರಬಿತ್ತು.

ಮರುದಿನ ಮ್ಯಾನೇಜರ್ ರಿಜಿಸ್ಟರ್ ಮುಂದಿಟ್ಟುಕೊಂಡು ಹುಡುಗಿಯನ್ನೂ ನನ್ನನ್ನೂ ಕರೆದರು. ಬೂತಿನ ಆ ಫೋನ್ ಅವಳ ಕೈಬರಹದಲ್ಲಿತ್ತು. ಆಸ್ಪತ್ರೆಯ ಹೆಸರು ಹೇಳಿದವರು ಯಾರೆಂದು ಕೇಳಿದರು. ಚಾಚಾಗೆ ಕೊಟ್ಟೆ ಎಂದು ಅವಳು ಹೇಳಲಿಲ್ಲ. ನಾನೇ ಹೇಳುತ್ತೇನೆಂದು ಕಾದಳು. ಮ್ಯಾನೇಜರ್ ನನ್ನ ಕಡೆ ತಿರುಗಿ, ನಿನ್ನ ಮೇಜಿಗೆ ಫೋನ್ ಏನಾದರೂ ಬಂದಿತ್ತೇ ಎಂದರು. ನನ್ನ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು.

"ಯಾದ್ ನಹೀಂ ಸಾಬ್," ಎಂದೆ.

"ಚಾಚಾ?" ಎಂದಳು. ಅಷ್ಟೇ.

ಫೋನ್ ಮಾಡಿದವಳು ಯಾವ ಭಾಷೆಯವಳು ಎಂದು ಮ್ಯಾನೇಜರ್ ಒಮ್ಮೆ ಕೇಳಿದ್ದರೂ ನಾನು ಸಿಕ್ಕಿಬೀಳುತ್ತಿದ್ದೆ. ಅವರು ಕೇಳಲಿಲ್ಲ. ಮಧ್ಯಾಹ್ನದೊಳಗೆ ಅವಳನ್ನು ಕೆಲಸದಿಂದ ತೆಗೆದರು. ಗುಟ್ಟು ಹೊರಗೆ ಬಿಟ್ಟಿದ್ದಕ್ಕೆ ಎಂದು ಬರೆದ ಪತ್ರವನ್ನು ಟೈಪ್ ಮಾಡಿದವನು ನಾನೇ. ಅಂಥ ಪತ್ರ ಹಿಡಿದು ಹೋದವರಿಗೆ ಬೇರೆ ಕಡೆ ಸ್ವಿಚ್‌ಬೋರ್ಡ್ ಸಿಗುವುದಿಲ್ಲವೆಂದು ಗೊತ್ತಿದ್ದೂ ಒಂದು ಅಕ್ಷರ ತಪ್ಪದಂತೆ ಟೈಪ್ ಮಾಡಿದೆ. ಅವಳು ಸಹಿ ಹಾಕಿ, ಟಿಫಿನ್ ಡಬ್ಬಿ ತೆಗೆದುಕೊಂಡು, ನನ್ನ ಮೇಜಿನ ಮುಂದೆಯೇ ಹಾದು ಹೊರಗೆ ಹೋದಳು. ನಾನು ತಲೆ ಎತ್ತಲಿಲ್ಲ.

ಆರು ತಿಂಗಳ ಮೇಲೆ ಆ ಕೂಲಿಯವನೂ ಅವನ ಹೆಂಡತಿಯೂ ಗೇಟಿಗೆ ಬಂದು, ನನ್ನ ದನಿ ಗುರುತು ಹಿಡಿದು ಕೈಮುಗಿದರು. ಹುಡುಗಿಯ ಕೆಲಸ ಹೋದದ್ದನ್ನು ಹೇಳದೆ ನಾನೂ ಕೈಮುಗಿದೆ.

ಹುಡುಗಿಯ ಮನೆ ನನಗೆ ಗೊತ್ತಿತ್ತು. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ನಿವೃತ್ತಿಯಾದ ಮೇಲೆ ಹೋಗೋಣವೆಂದುಕೊಂಡೆ. ಆಮೇಲೆ ಅವರು ಮನೆ ಬಿಟ್ಟರೆಂದು ಕೇಳಿದೆ. ನಾನು ಕ್ಷಮೆ ಕೇಳದೆ ಉಳಿದಿರುವುದು ಅವಳಲ್ಲಿ, ಆ ಟೆಲಿಫೋನ್ ಆಪರೇಟರ್ ಹುಡುಗಿಯಲ್ಲಿ.